ಹಾಸ್ಟೆಲ್‌ನಲ್ಲಿ ಓದಿದ ಅರಸು, ಬಡವರ ಮಕ್ಕಳಿಗೆ ಹಾಸ್ಟೆಲ್ ಬಾಗಿಲು ತೆರೆದ ಅರಸು

ಚನ್ನಗಿರಿ/ಹೊನ್ನಾಳಿ/ನ್ಯಾಮತಿ/ಜಗಳೂರು: ಪ್ರತಿ ವರ್ಷ ಆಗಸ್ಟ್ 20 ಬಂದರೆ ಸರ್ಕಾರಿ ಕಚೇರಿಗಳಲ್ಲಿ ಡಿ. ದೇವರಾಜ ಅರಸು ಅವರ ಫೋಟೋಗೆ ಹಾರ ಬೀಳುತ್ತೆ. ಒಂದು ಗಂಟೆ ಕಾರ್ಯಕ್ರಮ ಮುಗಿಸಿ ಎಲ್ಲರೂ ಎದ್ದು ಹೋಗುತ್ತಾರೆ. ಆದರೆ ನಮ್ಮ ತಾಲೂಕುಗಳ ಕಾಲೇಜು ಹುಡುಗ ಹುಡುಗಿಯರು ತುಂಬುವ ಸ್ಕಾಲರ್‌ಶಿಪ್ ಅರ್ಜಿಗೂ ಈ ಮನುಷ್ಯನಿಗೂ ನೇರ ಸಂಬಂಧ ಇದೆ. ಪ್ರವರ್ಗ 1, 2ಎ, 3ಬಿ ಅಂತ ಅರ್ಜಿಯಲ್ಲಿ ಟಿಕ್ ಮಾಡುವ ಎಷ್ಟೋ ಮಕ್ಕಳಿಗೆ ಆ ಕಲಂ ಹೇಗೆ ಬಂತು ಅನ್ನೋದು ಗೊತ್ತಿರಲ್ಲ.

ರಾಜರ ನೆಂಟರು, ಹಳ್ಳಿಯ ರೈತರು

ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಊರು ಮೈಸೂರು ಜಿಲ್ಲೆ ಹುಣಸೂರು ತಾಲೂಕಿನ ಕಲ್ಲಹಳ್ಳಿ. ಅರಸು ಸಮುದಾಯ ಮೈಸೂರು ರಾಜಮನೆತನಕ್ಕೆ ನೆಂಟಸ್ತಿಕೆ ಇದ್ದ ಸಮುದಾಯ. ಆದರೆ ಜನಸಂಖ್ಯೆ ಬಹಳ ಕಡಿಮೆ. ಆ ಸಮುದಾಯದ ಮಕ್ಕಳಿಗೆ ಅಂತಲೇ ಮೈಸೂರಿನಲ್ಲಿ ಅರಸು ಬೋರ್ಡಿಂಗ್ ಶಾಲೆ ಇತ್ತು. ಹುಡುಗ ದೇವರಾಜ ಓದಿದ್ದು ಅಲ್ಲೇ. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದರು.

ಆ ಕಾಲಕ್ಕೆ ಡಿಗ್ರಿ ಇದ್ದವರಿಗೆ ಸರ್ಕಾರಿ ನೌಕರಿ ಕಷ್ಟದ ಮಾತಾಗಿರಲಿಲ್ಲ. ಅರಸು ಮಾತ್ರ ಊರಿಗೆ ವಾಪಸ್ ಬಂದು ಬೇಸಾಯಕ್ಕೆ ನಿಂತರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರ ಮೊದಲ ಚುನಾವಣೆಯಲ್ಲಿ ಹುಣಸೂರಿನಿಂದ ಶಾಸಕರಾದರು. ಮುಂದೆ ಸಚಿವರೂ ಆದರು.

ಕಾಂಗ್ರೆಸ್ ಒಡೆದಾಗ

1969ರಲ್ಲಿ ಕಾಂಗ್ರೆಸ್ ಎರಡಾಯ್ತು. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ಎಸ್. ನಿಜಲಿಂಗಪ್ಪ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ನ್ಯಾಮತಿ ಹೊನ್ನಾಳಿ ತಾಲೂಕಿನ ಭಾಗವಾಗಿತ್ತು. ನಿಜಲಿಂಗಪ್ಪನವರ ಮಾತಿಗೆ ಈ ಭಾಗದಲ್ಲಿ ದೊಡ್ಡ ತೂಕ ಇತ್ತು. ರಾಜ್ಯದ ಬಹುತೇಕ ದೊಡ್ಡ ನಾಯಕರು ಅವರ ಜೊತೆಗೇ ನಿಂತರು. ಅರಸು ಇಂದಿರಾ ಕಡೆ ಹೋದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನ ಇಂದಿರಾ ಕಾಂಗ್ರೆಸ್‌ಗೆ ಬಂದವು. 1972ರ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿ ಆದರು.

ಅವರ ಹಿಂದೆ ದೊಡ್ಡ ಜಾತಿಯ ಬಲ ಇರಲಿಲ್ಲ. ಹಾಗಾಗಿ ಬೆಸ್ತರು, ಉಪ್ಪಾರರು, ಕುರುಬರು, ಗೊಲ್ಲರು, ಮಡಿವಾಳರು, ದಲಿತರು, ಮುಸ್ಲಿಮರು ಹೀಗೆ ಚದುರಿದ್ದವರನ್ನೆಲ್ಲ ಒಂದು ಕಡೆ ತಂದರು. ಅದು ರಾಜಕೀಯ ಲೆಕ್ಕಾಚಾರವೂ ಹೌದು. ಅದರಿಂದ ಬಡವರ ಮನೆ ಮಕ್ಕಳಿಗೆ ದಾರಿ ಆಗಿದ್ದೂ ಹೌದು.

1974ರ ಮಾರ್ಚ್ 1ರಿಂದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿ ಮಾಡುತ್ತಿದ್ದವರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಜಮೀನಿನ ಹಕ್ಕು ಪಡೆದರು. ಸ್ವಂತ ಹೊಲ ಆದ ಮೇಲೆ ಮಗನನ್ನು ಕಾಲೇಜಿಗೆ ಕಳಿಸುವ ಧೈರ್ಯವೂ ಬರುತ್ತೆ.

ಎಸ್ಸೆಸ್ಸೆಲ್ಸಿ ಪಾಸಾದವರ ಲೆಕ್ಕ ಹಾಕಿದರು

ಮೈಸೂರಿನಲ್ಲಿ ಹಿಂದುಳಿದವರಿಗೆ ನೆರವು ಕೊಡುವ ಯೋಚನೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲೇ ಮಿಲ್ಲರ್ ಸಮಿತಿ ಮಾಡಿದ್ದರು. ಆದರೆ 1962ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಮೀಸಲಾತಿ ಆದೇಶವನ್ನು ರದ್ದು ಮಾಡಿತು. ಬರೀ ಜಾತಿ ಹೆಸರು ಹೇಳಿದರೆ ಸಾಲದು, ಹಿಂದುಳಿದಿದ್ದಾರೆ ಅನ್ನೋದಕ್ಕೆ ಆಧಾರ ಬೇಕು ಅನ್ನೋದು ತೀರ್ಪಿನ ಒಂದು ಸಾರ.

ಅರಸು ಆ ಆಧಾರ ಹುಡುಕಲು ಹೊರಟರು. 1972ರಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚಿಸಿ ವಕೀಲ ಎಲ್.ಜಿ. ಹಾವನೂರರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಹಾವನೂರರು ನಮ್ಮ ಪಕ್ಕದ ರಾಣೆಬೆನ್ನೂರಿನವರು. ಆಯೋಗ ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಮನೆ ಮನೆ ಸಮೀಕ್ಷೆ ಮಾಡಿತು. ಯಾವ ಸಮುದಾಯದಲ್ಲಿ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗುತ್ತಿದ್ದಾರೆ, ಎಷ್ಟು ಜನ ಸರ್ಕಾರಿ ನೌಕರಿಯಲ್ಲಿದ್ದಾರೆ ಅಂತ ಲೆಕ್ಕ ತೆಗೆಯಿತು. 1975ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು.

ವರದಿ ಆಧಾರದ ಮೇಲೆ 1977ರ ಫೆಬ್ರುವರಿಯಲ್ಲಿ ಸರ್ಕಾರಿ ಆದೇಶ ಹೊರಬಿತ್ತು. ಹಿಂದುಳಿದವರನ್ನು ಗುಂಪುಗಳಾಗಿ ವಿಂಗಡಿಸಿ ಕಾಲೇಜು ಸೀಟು ಮತ್ತು ನೌಕರಿಯಲ್ಲಿ ಪಾಲು ಕೊಟ್ಟರು. ಜಾತಿ ನೋಡದೆ ಆದಾಯ ಮತ್ತು ಕಸುಬು ನೋಡುವ ಒಂದು ವಿಶೇಷ ಗುಂಪನ್ನೂ ಸೇರಿಸಿದರು. ಸಾಗುವಳಿ ಮಾಡುವ ರೈತರು, ಕೂಲಿಯವರು, ಸಣ್ಣ ಅಂಗಡಿ ಇಟ್ಟುಕೊಂಡವರ ಮಕ್ಕಳು ಅದರಲ್ಲಿ ಬರುತ್ತಿದ್ದರು. ಅದೇ 1977ರಲ್ಲಿ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆ, ಪ್ರತ್ಯೇಕ ಅಭಿವೃದ್ಧಿ ನಿಗಮ ಶುರುವಾದವು. ಹಾಸ್ಟೆಲ್‌ಗಳು ಹೆಚ್ಚಾದವು. ಓದಿ ಮನೆಯಲ್ಲಿ ಕೂತಿದ್ದ ಪದವೀಧರರನ್ನು ಸ್ಟೈಪೆಂಡ್ ಕೊಟ್ಟು ಸರ್ಕಾರಿ ಕೆಲಸಕ್ಕೆ ತೆಗೆದುಕೊಂಡ ಯೋಜನೆಯೂ ಇವರ ಕಾಲದ್ದೇ.

ತಕರಾರೂ ಇತ್ತು

ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಲಿಂಗಾಯತರನ್ನು ಪಟ್ಟಿಯಿಂದ ಹೊರಗಿಟ್ಟಿದ್ದು ದೊಡ್ಡ ಸಿಟ್ಟಿಗೆ ಕಾರಣವಾಯ್ತು. ಆ ಸಮುದಾಯ ಹೆಚ್ಚಿರುವ ನಮ್ಮ ಭಾಗದಲ್ಲಿ ಒಣ ಬೇಸಾಯ ಮಾಡುವ ಬಡ ಕುಟುಂಬಗಳೂ ಇದ್ದವು, ಹಾಗಾಗಿ ಆ ಸಿಟ್ಟಿನಲ್ಲಿ ಅರ್ಥ ಇತ್ತು. ಆದೇಶ ಕೋರ್ಟ್ ಮೆಟ್ಟಿಲೇರಿತು. ಮುಂದೆ ವೆಂಕಟಸ್ವಾಮಿ ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗ ಬಂದವು, ಪಟ್ಟಿ ಬದಲಾಯ್ತು. ಈಗ ವೀರಶೈವ ಲಿಂಗಾಯತರು 3ಬಿಯಲ್ಲಿದ್ದಾರೆ.

ಅರಸು ಮೇಲೆ ಭ್ರಷ್ಟಾಚಾರದ ಆರೋಪಗಳೂ ಬಂದವು. ಕೇಂದ್ರದ ಜನತಾ ಸರ್ಕಾರ ಗ್ರೋವರ್ ಆಯೋಗ ನೇಮಿಸಿತು. 1977ರ ಡಿಸೆಂಬರ್ 31ರಂದು ಅವರ ಸರ್ಕಾರವನ್ನೇ ವಜಾ ಮಾಡಿತು. ಎರಡೇ ತಿಂಗಳಲ್ಲಿ ಚುನಾವಣೆ ಗೆದ್ದು ಅರಸು ಮತ್ತೆ ಮುಖ್ಯಮಂತ್ರಿ ಆದರು. 1979ರಲ್ಲಿ ಇಂದಿರಾ ಜೊತೆಗೇ ಮನಸ್ತಾಪ ಬಂತು. ಬೆಳೆಸಿದ ಶಾಸಕರೇ ಕೈಬಿಟ್ಟರು. 1980ರ ಜನವರಿಯಲ್ಲಿ ಕುರ್ಚಿ ಹೋಯ್ತು. ಕ್ರಾಂತಿರಂಗ ಕಟ್ಟಿದರು. ಆದರೆ ಅದು ಚುನಾವಣೆ ಎದುರಿಸುವ ಮೊದಲೇ, 1982ರ ಜೂನ್ 6ರಂದು ತೀರಿಕೊಂಡರು. 66 ವರ್ಷ ಆಗಿತ್ತು.

ಇವತ್ತು ಆ ಹಕ್ಕು ಬಳಸಿಕೊಳ್ಳೋದು ಹೇಗೆ?

1977ರಲ್ಲಿ ಶುರುವಾದ ನಿಗಮಕ್ಕೆ ಈಗ ಅರಸು ಅವರದೇ ಹೆಸರು. ಅದರ ಅರಿವು ಯೋಜನೆಯಲ್ಲಿ ಸಿಇಟಿ ಮೂಲಕ ಎಂಜಿನಿಯರಿಂಗ್, ಮೆಡಿಕಲ್‌ನಂಥ ಕೋರ್ಸ್ ಸೇರಿದವರಿಗೆ ಶೇ 2ರ ಬಡ್ಡಿಯಲ್ಲಿ ವರ್ಷಕ್ಕೆ 1 ಲಕ್ಷ ರೂ.ವರೆಗೆ ಸಾಲ ಸಿಗುತ್ತೆ. ಓದು ಮುಗಿದ ಮೇಲೆ ಕಂತಿನಲ್ಲಿ ಕಟ್ಟಬೇಕು. ಲಿಂಗಾಯತ, ಉಪ್ಪಾರ, ಮರಾಠ, ವಿಶ್ವಕರ್ಮ ಸಮುದಾಯಗಳಿಗೆ ಬೇರೆ ನಿಗಮಗಳಿವೆ, ಅವರು ಅಲ್ಲಿ ವಿಚಾರಿಸಬೇಕು.

ಹಿಂದುಳಿದ ವರ್ಗಗಳ ಇಲಾಖೆಯಿಂದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಹಾಸ್ಟೆಲ್ ಇವೆ. ಹಾಸ್ಟೆಲ್ ಸೀಟು ಸಿಗದವರಿಗೆ ವಿದ್ಯಾಸಿರಿ ಇದೆ. ಪರಿಶಿಷ್ಟ ಜಾತಿಯವರು, ನಮ್ಮ ತಾಂಡಾಗಳ ಲಂಬಾಣಿ ಮಕ್ಕಳೂ ಸೇರಿ, ಸಮಾಜ ಕಲ್ಯಾಣ ಇಲಾಖೆಯ ನೆರವು ಪಡೆಯಬಹುದು. ಸ್ಕಾಲರ್‌ಶಿಪ್‌ಗಳಿಗೆಲ್ಲ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ ಅರ್ಜಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಮೊದಲೇ ಇಟ್ಟುಕೊಳ್ಳಿ. ಆಧಾರ್‌ನಲ್ಲಿರುವ ಹೆಸರು ಮಾರ್ಕ್ಸ್ ಕಾರ್ಡ್ ಹೆಸರಿಗೆ ಹೊಂದಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲೇಬೇಕು, ಇಲ್ಲಾಂದ್ರೆ ಮಂಜೂರಾದ ದುಡ್ಡೂ ಕೈಗೆ ಬರಲ್ಲ. ಆದಾಯ ಮಿತಿ, ಕೊನೆ ದಿನಾಂಕ ವರ್ಷ ವರ್ಷ ಬದಲಾಗುತ್ತೆ. ಕಾಲೇಜಿನ ನೋಟಿಸ್ ಬೋರ್ಡ್ ನೋಡಿ, ತಾಲೂಕು ಮಟ್ಟದ ಇಲಾಖೆ ಕಚೇರಿಯಲ್ಲಿ ಒಮ್ಮೆ ಕೇಳಿ.

ಇದು ಯಾರೋ ಕೊಡುವ ಭಿಕ್ಷೆ ಅಲ್ಲ. ಎಸ್ಸೆಸ್ಸೆಲ್ಸಿ ದಾಟದ ಮಕ್ಕಳನ್ನು ಊರೂರು ಸುತ್ತಿ ಎಣಿಸಿ, ಕೋರ್ಟ್‌ನಲ್ಲಿ ವಾದ ಮಾಡಿ ಪಡೆದ ಹಕ್ಕು. ಅರ್ಜಿಗೆ ಕೊನೆ ದಿನದವರೆಗೆ ಕಾಯಬೇಡಿ.