ಅಂಚೆಚೀಟಿಗೆ ರಂಧ್ರದಂಚು ನೀಡಿದ ಹೆನ್ರಿ ಆರ್ಚರ್ (1799–1863)

1840ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಪ್ರಥಮ ಅಂಚೆಚೀಟಿಗಳನ್ನು ಹಾಳೆಯಿಂದ ಕತ್ತರಿಸಿಯೇ ಬೇರ್ಪಡಿಸಬೇಕಾಗಿತ್ತು. ಈ ತೊಂದರೆಯನ್ನು ಮನಗಂಡ ಹೆನ್ರಿ ಆರ್ಚರ್‌ರವರು 1847ರಲ್ಲಿ ಚೀಟಿಗಳನ್ನು ಬೇರ್ಪಡಿಸುವ ಯಂತ್ರದ ಯೋಜನೆಯನ್ನು ಅಂಚೆ ಇಲಾಖೆಗೆ ಸಲ್ಲಿಸಿದರು. ಆರಂಭದ ಯಂತ್ರಗಳು ವಿಫಲವಾದರೂ ಎದೆಗುಂದದೆ ರಂಧ್ರ ಕೊರೆಯುವ ಯಂತ್ರವನ್ನು ರೂಪಿಸಿದರು. ಸರ್ಕಾರವು ನೀಡಬಯಸಿದ ಅಲ್ಪ ಮೊತ್ತವನ್ನು ಅವರು ಒಪ್ಪಲಿಲ್ಲ. ಸಂಸದೀಯ ಸಮಿತಿಯ ವಿಚಾರಣೆಯ ತರುವಾಯ 1853ರಲ್ಲಿ ಅವರಿಗೆ 4,000 ಪೌಂಡ್ ಸಂದಾಯವಾಯಿತು. 1854ರಲ್ಲಿ ರಂಧ್ರಯುಕ್ತ ಚೀಟಿಗಳು ಅಧಿಕೃತವಾಗಿ ಜಾರಿಗೆ ಬಂದವು.

ಹರಿಯಲೆಂದು ಕೊರೆದ ಈ ರಂಧ್ರಗಳೇ ಮುಂದೆ ನೈಜತೆಯ ಪರೀಕ್ಷೆಗೆ ಆಧಾರವಾದವು. 1866ರಲ್ಲಿ ಪ್ಯಾರಿಸ್‌ನ ವೈದ್ಯ ಲೆಗ್ರಾಂರವರು 2 ಸೆಂ.ಮೀ. ಅಂತರದಲ್ಲಿನ ರಂಧ್ರಗಳನ್ನೆಣಿಸುವ ಮಾಪಕವನ್ನು ಪರಿಚಯಿಸಿದರು. ಈ ಎಣಿಕೆಯು 1854ರ ಚೀಟಿಗಳಲ್ಲಿ 16 ಇದ್ದು, 1855ರಿಂದ 14ಕ್ಕೆ ಇಳಿಯಿತು. ಎಣಿಕೆಯು ಆಯಾ ಮುದ್ರಣಕ್ಕೆ ಹೊಂದದಿದ್ದಲ್ಲಿ ಚೀಟಿಯು ಸಂಶಯಾಸ್ಪದವಾಗುತ್ತದೆ. ಆದುದರಿಂದ ಹಳೆಯ ಚೀಟಿಗಳನ್ನು ಹೊಂದಿರುವ ಸಾರ್ವಜನಿಕರು ಅವುಗಳ ಅಂಚುಗಳನ್ನು ಕತ್ತರಿಸದೆ ಸಂರಕ್ಷಿಸುವುದು ಸೂಕ್ತ.