ದುರಸ್ತಿಗೆ ಬಂದ ಉಗಿಯಂತ್ರ

ಮಕ್ಕಳೇ, ಉಗಿಯಂತ್ರವನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ನಿಮ್ಮಲ್ಲಿ ಬಹಳ ಮಂದಿ ಜೇಮ್ಸ್ ವಾಟ್ ಎನ್ನುತ್ತೀರಿ. ಕುದಿಯುವ ನೀರಿನ ಪಾತ್ರೆಯ ಮುಚ್ಚಳ ಕುಣಿದ ಕಥೆಯನ್ನೂ ಹೇಳುತ್ತೀರಿ. ಕಥೆ ಚೆನ್ನಾಗಿದೆ, ಆದರೆ ನಡೆದದ್ದೇ ಬೇರೆ. ವಾಟ್ ಹುಟ್ಟುವುದಕ್ಕೆ 24 ವರ್ಷ ಮೊದಲೇ, 1712ರಲ್ಲಿ, ಥಾಮಸ್ ನ್ಯೂಕೊಮೆನ್ ಮಾಡಿದ ಉಗಿಯಂತ್ರ ಇಂಗ್ಲೆಂಡಿನ ಗಣಿಯಿಂದ ನೀರೆತ್ತುತ್ತಿತ್ತು. ವಾಟ್ ಕೈಗೆ ಬಂದದ್ದು ಅಂಥದೇ ಯಂತ್ರದ ದುರಸ್ತಿ ಕೆಲಸ.

ವಾಟ್ ಹುಟ್ಟಿದ್ದು 1736ರ ಜನವರಿ 19ರಂದು, ಸ್ಕಾಟ್ಲೆಂಡಿನ ಗ್ರೀನಕ್ ಎಂಬ ಬಂದರು ಪಟ್ಟಣದಲ್ಲಿ. ಆಗಾಗ ಕಾಯಿಲೆ ಬೀಳುತ್ತಿದ್ದ ಹುಡುಗ. ಆದ್ದರಿಂದ ಮನೆಯಲ್ಲಿ ತಾಯಿಯೇ ಪಾಠ ಹೇಳಿದರು. ತಂದೆಯ ಕೆಲಸದ ಕೋಣೆಯಲ್ಲಿ ಉಪಕರಣಗಳನ್ನು ಹಿಡಿಯಲು ಕಲಿತ. ಮುಂದೆ ಲಂಡನ್ನಿನಲ್ಲಿ ಒಂದು ವರ್ಷ ಅಳತೆಯ ಉಪಕರಣಗಳನ್ನು ತಯಾರಿಸಲು ಕಲಿತು ಬಂದ. 1757ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯ ಆತನಿಗೆ ಒಂದು ಕಾರ್ಯಾಗಾರ ಕೊಟ್ಟಿತು.

1763-64ರ ಚಳಿಗಾಲದಲ್ಲಿ, ತರಗತಿಯಲ್ಲಿ ತೋರಿಸಲು ಇಟ್ಟಿದ್ದ ನ್ಯೂಕೊಮೆನ್ ಯಂತ್ರದ ಪುಟ್ಟ ಮಾದರಿ ದುರಸ್ತಿಗೆಂದು ವಾಟ್ ಬಳಿ ಬಂದಿತು. ಸರಿಪಡಿಸಿದ ಮೇಲೂ ಅದು ನಾಲ್ಕಾರು ಸಲ ಏರಿಳಿದು ನಿಂತುಬಿಡುತ್ತಿತ್ತು. ಬಾಯ್ಲರಿನ ಉಗಿಯೆಲ್ಲ ಖಾಲಿ! ಇಷ್ಟೊಂದು ಉಗಿ ಎಲ್ಲಿಗೆ ಹೋಯಿತು?

ಆ ಯಂತ್ರ ಹೇಗೆ ಓಡುತ್ತಿತ್ತು ನೋಡಿ. ಸಿಲಿಂಡರಿನೊಳಗೆ ಉಗಿ ತುಂಬುತ್ತಾರೆ. ಅದರೊಳಕ್ಕೇ ತಣ್ಣೀರು ಚಿಮುಕಿಸುತ್ತಾರೆ. ಉಗಿ ನೀರಾಗಿ ಕುಗ್ಗುತ್ತದೆ, ಒಳಗೆ ಬರಿದಾಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಮತ್ತೆ ಉಗಿ ಬಿಟ್ಟರೆ? ತಣ್ಣಗಾದ ಸಿಲಿಂಡರನ್ನು ಬಿಸಿ ಮಾಡುವುದಕ್ಕೇ ಹೆಚ್ಚಿನ ಉಗಿ ಹೋಗುತ್ತದೆ. ನಿಮ್ಮ ತಾಯಿ ಒಂದೊಂದು ದೋಸೆ ತೆಗೆದ ಮೇಲೂ ಕಾವಲಿಯನ್ನು ಬಕೆಟ್ ನೀರಿನಲ್ಲಿ ಅದ್ದಿ, ಮತ್ತೆ ಒಲೆಗೆ ಇಟ್ಟರೆ ಎಷ್ಟು ಸೌದೆ ಬೇಕು, ಯೋಚಿಸಿ! ವಾಟ್ ಅಳೆದು ನೋಡಿದ. ಉಗಿಯ ಸುಮಾರು ನಾಲ್ಕನೇ ಮೂರು ಭಾಗ ಹೀಗೆ ವ್ಯರ್ಥವಾಗುತ್ತಿತ್ತು.

1765ರ ಒಂದು ಭಾನುವಾರ ಗ್ಲಾಸ್ಗೋದ ಬಯಲಿನಲ್ಲಿ ನಡೆಯುತ್ತಿದ್ದಾಗ ಉಪಾಯ ಹೊಳೆಯಿತು. ಸಿಲಿಂಡರ್ ಯಾವಾಗಲೂ ಬಿಸಿಯಾಗಿಯೇ ಇರಲಿ. ಪಕ್ಕದಲ್ಲಿ ಗಾಳಿ ತೆಗೆದ, ಯಾವಾಗಲೂ ತಣ್ಣಗಿರುವ ಇನ್ನೊಂದು ಪಾತ್ರೆ ಇರಲಿ. ಕೊಳವೆಯ ಮೂಲಕ ಉಗಿ ಅಲ್ಲಿಗೆ ನುಗ್ಗಿ ನೀರಾಗಲಿ. ಇದೇ ಕಂಡೆನ್ಸರ್.

ಉಪಾಯ ಒಂದು ದಿನದ್ದು, ಕಷ್ಟ ಹನ್ನೊಂದು ವರ್ಷದ್ದು. ಪುಟ್ಟ ಮಾದರಿ ಓಡಿತು, ದೊಡ್ಡದು ಓಡಲಿಲ್ಲ. ಆಗಿನ ಕಸುಬುದಾರರಿಗೆ ಅಷ್ಟು ದೊಡ್ಡ ಸಿಲಿಂಡರನ್ನು ಸರಿಯಾಗಿ ದುಂಡಗೆ ಕೊರೆಯಲು ಆಗುತ್ತಿರಲಿಲ್ಲ, ಸಂದಿನಲ್ಲಿ ಉಗಿ ಸೋರುತ್ತಿತ್ತು. ಹಳೆಯ ಯಂತ್ರದಲ್ಲಾದರೆ ಪಿಸ್ಟನ್ನಿನ ಮೇಲೆ ನೀರು ನಿಲ್ಲಿಸಿ ಸಂದು ಮುಚ್ಚುತ್ತಿದ್ದರು. ವಾಟ್ ಹಾಗೆ ಮಾಡಿದರೆ ಸಿಲಿಂಡರ್ ಮತ್ತೆ ತಣ್ಣಗಾಗುತ್ತದಲ್ಲ! ಹೊಟ್ಟೆಪಾಡಿಗೆ ಆತ ಕಾಲುವೆಗಳ ಸರ್ವೆ ಮಾಡುತ್ತ ಊರೂರು ತಿರುಗಿದ. ಹಣ ಹಾಕಿದ್ದ ಜಾನ್ ರೋಬಕ್ 1773ರಲ್ಲಿ ದಿವಾಳಿಯಾದ. ಅದೇ ವರ್ಷ ಹೆಂಡತಿ ಮಾರ್ಗರೆಟ್ ತೀರಿಕೊಂಡಳು.

1774ರಲ್ಲಿ ವಾಟ್ ಯಂತ್ರದ ಸಮೇತ ಬರ್ಮಿಂಗ್‌ಹ್ಯಾಮಿಗೆ ಹೋದ. ಅಲ್ಲಿ ಕಾರ್ಖಾನೆಯ ಒಡೆಯ ಮ್ಯಾಥ್ಯೂ ಬೋಲ್ಟನ್ ಜೊತೆಯಾದ. ಸೋರಿಕೆಗೆ ಮದ್ದು ಸಿಕ್ಕಿದ್ದು ಫಿರಂಗಿ ಕೊರೆಯುತ್ತಿದ್ದ ಜಾನ್ ವಿಲ್ಕಿನ್ಸನ್ ಬಳಿ. ಕೊರೆಯುವ ದಂಡವನ್ನು ಒಂದೇ ತುದಿಯಲ್ಲಿ ಹಿಡಿದರೆ ಅದು ಅಲುಗಾಡುತ್ತದೆ. ವಿಲ್ಕಿನ್ಸನ್ ಅದನ್ನು ಸಿಲಿಂಡರಿನ ಒಳಗಿಂದ ಹಾಯಿಸಿ ಎರಡೂ ತುದಿಗಳಲ್ಲಿ ಬಿಗಿಹಿಡಿದ. 1776ರಲ್ಲಿ ವಾಟ್‌ನ ದೊಡ್ಡ ಯಂತ್ರ ಗಣಿಯಿಂದ ನೀರೆತ್ತಿತು. ಉಳಿತಾಯವಾದ ಇಂಧನದ ಬೆಲೆಯ ಮೂರನೇ ಒಂದು ಭಾಗವೇ ಪಾಲುದಾರರಿಗೆ ಸಿಗಬೇಕಾದ ಹಣ! ಕಲ್ಲಿದ್ದಲು ಇಲ್ಲದ ಕಾರ್ನ್‌ವಾಲ್ ಪ್ರಾಂತದ ಗಣಿಗಳಿಗೆ ಅದು ವರವಾಯಿತು.

ಆಮೇಲೆ ಚಕ್ರ ತಿರುಗಿಸುವ ಯಂತ್ರವೂ ಬಂತು. ಆದರೆ ವಾಟ್‌ಗೆ ಹೆಚ್ಚು ಒತ್ತಡದ ಉಗಿಯೆಂದರೆ ಭಯ, ಬೇರೆಯವರು ಬಳಸುವುದನ್ನೂ ವಿರೋಧಿಸಿದ. ಮುಂದೆ ರೈಲನ್ನು ಎಳೆದದ್ದು ಅದೇ ಉಗಿ ಎಂಬುದನ್ನು ಮರೆಯಬೇಡಿ.

1819ರ ಆಗಸ್ಟ್ 25ರಂದು ಆತ ತೀರಿಕೊಂಡ. ನಿಮ್ಮ ಮನೆಯ ಬಲ್ಬಿನ ಮೇಲೆ ಎಷ್ಟು ವಾಟ್ ಎಂದು ಬರೆದಿದೆ, ಹೋಗಿ ನೋಡಿ. ಅದು ಆತನದೇ ಹೆಸರು. ಅಂದು ದುರಸ್ತಿಗೆ ಬಂದ ಆ ಪುಟ್ಟ ಮಾದರಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಹಂಟೇರಿಯನ್ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ.