ಸಾಕ್ಷಿಯ ಸಂಯಮ: ಥುಸಿಡೈಡೀಸನ ಬದುಕು ಮತ್ತು ಬರವಣಿಗೆ

ಪ್ರಾಚೀನ ಗ್ರೀಸಿನ ಥುಸಿಡೈಡೀಸನನ್ನು ವಸ್ತುನಿಷ್ಠ ಚರಿತ್ರೆಯ ಆದ್ಯ ಪ್ರವರ್ತಕನೆಂದು ಗುರುತಿಸುವುದು ವಾಡಿಕೆ. ಆದರೆ ಅವನು ತಾನು ಬರೆದ ಯುದ್ಧದಿಂದ ದೂರ ನಿಂತವನಲ್ಲ. ಪಿಡುಗಿಗೆ ತುತ್ತಾಗಿ ಬದುಕುಳಿದ ರೋಗಿ, ಕಾಯಬೇಕಾದ ನಗರವನ್ನು ಕಳೆದುಕೊಂಡ ಸೇನಾನಿ, ಇಪ್ಪತ್ತು ವರ್ಷ ಗಡೀಪಾರಾಗಿದ್ದ ಪ್ರಜೆ. ಈ ಮೂರು ಅನುಭವಗಳು ಅವನ ಕೃತಿಯಲ್ಲಿ ಪಡೆದ ರೂಪವನ್ನು ಗಮನಿಸಿದರೆ ಅವನ ವಸ್ತುನಿಷ್ಠತೆಯ ಸ್ವರೂಪವೂ ಮಿತಿಯೂ ಸ್ಪಷ್ಟವಾಗುತ್ತವೆ.

ಅವನ ಬಗೆಗಿನ ವಿಶ್ವಸನೀಯ ವಿವರಗಳು ಬಹುಮಟ್ಟಿಗೆ ಅವನ ಕೃತಿಯಿಂದಲೇ ದೊರೆಯುತ್ತವೆ. ಜನನ ಸುಮಾರು ಕ್ರಿ.ಪೂ. 460. ತಂದೆ ಒಲೊರಸ್. ಥ್ರೇಸ್ ಪ್ರದೇಶದ ಚಿನ್ನದ ಗಣಿಗಳಲ್ಲಿ ಥುಸಿಡೈಡೀಸನಿಗೆ ಹಕ್ಕಿದ್ದು, ಅಲ್ಲಿನ ಗಣ್ಯರ ನಡುವೆ ಪ್ರಭಾವವೂ ಇತ್ತು. ಕ್ರಿ.ಪೂ. 431ರಲ್ಲಿ ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವೆ ಯುದ್ಧ ಆರಂಭವಾದಾಗಲೇ ಅದರ ಮಹತ್ವವನ್ನು ಊಹಿಸಿ ಅವನು ಬರವಣಿಗೆಗೆ ತೊಡಗಿದನು.

ಪೆರಿಕ್ಲೀಸನ ಯುದ್ಧನೀತಿಯಂತೆ ಗ್ರಾಮೀಣರು ಹೊಲಮನೆಗಳನ್ನು ಬಿಟ್ಟು ಅಥೆನ್ಸಿನ ಕೋಟೆಯೊಳಗೆ ಬಂದು ನೆಲೆಸಿದ್ದರು. ಕ್ರಿ.ಪೂ. 430ರ ಬೇಸಿಗೆಯಲ್ಲಿ, ಉಸಿರುಕಟ್ಟುವ ಗುಡಿಸಲುಗಳ ಆ ದಟ್ಟಣೆಯ ನಡುವೆ ಪಿಡುಗು ಹರಡಿತು. ಅದು ಮೊದಲು ಕಾಣಿಸಿಕೊಂಡ ಪಿರೇಯಸ್ ಬಂದರಿನಲ್ಲಿ ಶತ್ರುಗಳೇ ನೀರಿನ ತೊಟ್ಟಿಗಳಿಗೆ ವಿಷ ಬೆರೆಸಿದರೆಂಬ ವದಂತಿ ಹುಟ್ಟಿತು. ತಲೆಯ ಉರಿ, ಕೆಂಪೇರಿದ ಕಣ್ಣು, ರಕ್ತವರ್ಣದ ಗಂಟಲು, ತಣಿಯದ ಬಾಯಾರಿಕೆ, ಏಳನೆಯ ಅಥವಾ ಒಂಬತ್ತನೆಯ ದಿನದ ಸಾವು ಎಂದು ಅವನು ರೋಗದ ಗತಿಯನ್ನು ಕ್ರಮವಾಗಿ ದಾಖಲಿಸುತ್ತಾನೆ. ಕಾರಣಗಳ ಚರ್ಚೆಯನ್ನು ಇತರರಿಗೆ ಬಿಟ್ಟು, ರೋಗ ಮರುಕಳಿಸಿದರೆ ಗುರುತಿಸಲು ನೆರವಾಗುವುದಷ್ಟನ್ನೇ ತನ್ನ ಉದ್ದೇಶವಾಗಿಸಿಕೊಳ್ಳುತ್ತಾನೆ. ಒಮ್ಮೆ ಗುಣವಾದವರಿಗೆ ರೋಗ ಮತ್ತೆ ಮಾರಕವಾಗಿ ತಗಲುವುದಿಲ್ಲವೆಂಬುದನ್ನೂ, ರೋಗಿಗಳ ಶುಶ್ರೂಷೆಗೆ ನಿಂತವರೇ ಹೆಚ್ಚಾಗಿ ಸತ್ತರೆಂಬುದನ್ನೂ ಗುರುತಿಸುತ್ತಾನೆ. ಅನ್ಯರ ಚಿತೆಯ ಮೇಲೆ ತಮ್ಮವರ ಶವವಿಟ್ಟು ಹೋಗುವ ಜನ, ದೈವಭಯ ಮತ್ತು ಕಾನೂನಿನ ಭಯ ಎರಡೂ ಅಳಿದ ನಗರ ಇಲ್ಲಿ ಕಾಣುತ್ತವೆ. ಪದಾತಿಗಳಲ್ಲಿ 4,400 ಮಂದಿ, ಅಶ್ವಸೈನಿಕರಲ್ಲಿ 300 ಮಂದಿ ಸತ್ತರೆಂದು ಲೆಕ್ಕ ಕೊಡುವ ಅವನು, ತನಗೂ ರೋಗ ತಗಲಿತ್ತೆಂಬುದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಆ ಮಾತಿನ ಉದ್ದೇಶ ಸಂಕಟದ ನಿವೇದನೆಯಲ್ಲ. ಸಾಕ್ಷ್ಯದ ಅರ್ಹತೆಯ ಸ್ಥಾಪನೆ.

ಕ್ರಿ.ಪೂ. 424ರಲ್ಲಿ ಅವನು ಸೇನಾನಿಯಾಗಿ ಥಾಸೋಸ್ ದ್ವೀಪದಲ್ಲಿದ್ದಾಗ ಸ್ಪಾರ್ಟಾದ ಬ್ರಾಸಿಡಾಸ್ ಆಂಫಿಪೊಲಿಸ್ ನಗರದ ಮೇಲೆರಗಿದನು. ಥುಸಿಡೈಡೀಸ್ ಏಳು ಹಡಗುಗಳೊಂದಿಗೆ ಧಾವಿಸಿದರೂ ಅಷ್ಟರಲ್ಲಿ ನಗರ ಶರಣಾಗಿತ್ತು. ಸಮೀಪದ ಏಯಾನ್ ಮಾತ್ರ ಉಳಿಯಿತು. ಈ ಪ್ರಸಂಗವನ್ನು ಅವನು ಪ್ರಥಮ ಪುರುಷದಲ್ಲಿ, ಅನ್ಯನೊಬ್ಬನ ಕಥೆಯೆಂಬಂತೆ ನಿರೂಪಿಸುತ್ತಾನೆ. ಇದರ ಫಲವಾದ ಗಡೀಪಾರು ಅಲ್ಲಿ ಪ್ರಸ್ತಾಪವಾಗುವುದೇ ಇಲ್ಲ. ಅದು ಬಹಳ ಮುಂದೆ, ಎರಡೂ ಪಕ್ಷಗಳ ವಿಷಯಗಳನ್ನು ತಿಳಿಯಲು ದೊರೆತ ಅವಕಾಶವೆಂಬಂತೆ ಬರುತ್ತದೆ.

ಆದರೆ ಈ ಮೌನವನ್ನು ನಿಷ್ಪಕ್ಷಪಾತವೆಂದು ಸುಲಭವಾಗಿ ಒಪ್ಪಲಾಗದು. ಬ್ರಾಸಿಡಾಸನ ಚಾತುರ್ಯ ಹಾಗೂ ಅವನ ಉದಾರ ಷರತ್ತುಗಳ ವಿವರಣೆ ಸೇನಾನಿಯ ಸೋಲನ್ನು ಅನಿವಾರ್ಯವೆಂಬಂತೆ ತೋರಿಸುತ್ತದೆ. ಜನನಾಯಕ ಕ್ಲಿಯೋನನ ಚಿತ್ರಣದಲ್ಲಿ ತಿರಸ್ಕಾರ ಮರೆಯಾಗಿಲ್ಲ. ಭಾಷಣಗಳನ್ನು ಸಂದರ್ಭೋಚಿತವಾಗಿ ತಾನೇ ರೂಪಿಸಿದ್ದನ್ನು ಅವನು ಒಪ್ಪಿಕೊಂಡಿದ್ದಾನೆ. ಪೆರಿಕ್ಲೀಸನ ಅಥೆನ್ಸ್ ಪ್ರಶಂಸೆಯ ಭಾಷಣದ ಬೆನ್ನಿಗೇ ಪಿಡುಗಿನ ಕಥನವಿರುವುದು ಕಾಲಾನುಕ್ರಮವೂ ಹೌದು, ವಿಮರ್ಶೆಯೂ ಹೌದು.

ಯುದ್ಧ ಕ್ರಿ.ಪೂ. 404ರಲ್ಲಿ ಅಥೆನ್ಸಿನ ಸೋಲಿನಲ್ಲಿ ಮುಗಿಯಿತು. ಅದನ್ನು ಕಂಡೂ ಅವನ ಕೃತಿ ಕ್ರಿ.ಪೂ. 411ರ ಘಟನೆಗಳ ನಡುವೆ ತುಂಡಾಗಿ ನಿಲ್ಲುತ್ತದೆ. 1994–95ರಲ್ಲಿ ಅಥೆನ್ಸಿನ ಕೆರಾಮೈಕೋಸಿನಲ್ಲಿ ದೊರೆತ, ಅವಸರದಲ್ಲಿ ಶವಗಳನ್ನು ಹೂಳಿದ ಸಾಮೂಹಿಕ ಸಮಾಧಿ ಅವನ ವರ್ಣನೆಗೆ ಹೊಂದುತ್ತದೆ. ಅಲ್ಲಿನ ಹಲ್ಲುಗಳ ಡಿಎನ್‌ಎ ಆಧರಿಸಿ 2006ರಲ್ಲಿ ಟೈಫಾಯ್ಡ್ ಎಂಬ ವಾದ ಬಂದರೂ ಅದು ವಿವಾದಾತೀತವಲ್ಲ. ರೋಗದ ಹೆಸರು ಇತ್ಯರ್ಥವಾಗದಿದ್ದರೂ ಆ ದಾಖಲೆಯ ಬೆಲೆ ಕುಂದಿಲ್ಲ. ಥುಸಿಡೈಡೀಸನ ವಸ್ತುನಿಷ್ಠತೆ ಭಾವಶೂನ್ಯತೆಯಲ್ಲ, ಸ್ವಂತ ಗಾಯಕ್ಕೆ ಅವನು ಹಾಕಿಕೊಂಡ ಕಟ್ಟು. ಆ ಕಟ್ಟಿನಡಿಯ ಗಾಯವನ್ನೂ ಗುರುತಿಸುವ ಓದು ಅವನಿಗೆ ಸಲ್ಲಬೇಕಾದ ನ್ಯಾಯ.